ಅಧ್ಯಕ್ಷರ ಅಕ್ಕ

ಫೆಲಿಸ್ಮಿನಾ ನನ್ನ ಗಂಡನ ಅಕ್ಕ. ನಾನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಬಂದರಿನ ಹಳೇ ಬೆಸ್ತರ ಕೇರಿ ಮದ್ರಗೋವಾದ ನಮ್ಮ ಬೀದಿಯ ಗೋಡೆಯಲ್ಲಿ ಈಗ ಅವಳ ಹೆಸರಿನ ಕಲ್ಲು ಇದೆ. ಜನ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಲವರು ನಮ್ಮ ಬಾಗಿಲನ್ನೂ ತಟ್ಟುತ್ತಾರೆ. ನನ್ನ ಗಂಡ ಅದೆಲಿನೊ ಅವರನ್ನು ಒಳಗೆ ಕೂರಿಸಿಕೊಂಡು ಅಕ್ಕನ ಕಥೆ ಹೇಳುತ್ತಾನೆ. ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಹೇಳದೆ ಬಿಡುವುದು ಮಾತ್ರ ಬಹಳ. ಅದನ್ನು ನಾನು ಹೇಳುತ್ತೇನೆ.

ಅವರ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ತಂದೆ ಉತ್ತರದ ಕಡಲಿಗೆ ಮೀನು ಹಿಡಿಯಲು ಹೋದವನು ತಿರುಗಿ ಬರಲಿಲ್ಲ. ತಾಯಿ ಕ್ಷಯದಿಂದ ಸತ್ತಾಗ ಫೆಲಿಸ್ಮಿನಾಗೆ ಹದಿನಾರು ವರ್ಷ, ಅದೆಲಿನೊಗೆ ಆರು. ಹೂಳಿ ಬಂದ ಮರುದಿನವೇ ಅವಳು ತಾಯಿಯ ಬುಟ್ಟಿ ಹೊತ್ತು ಬೀದಿಗಿಳಿದಳು. ಅವಳು “ಬೂತಾಯಿ, ಈಗ ಹಿಡಿದ ಬೂತಾಯಿ!” ಎಂದು ಕೂಗಿದರೆ ಐದನೇ ಮಹಡಿಯ ಹೆಂಗಸರು ಮೀನು ಬೇಡವಾಗಿದ್ದರೂ ಕಿಟಕಿ ತೆರೆಯುತ್ತಿದ್ದರಂತೆ.

ಆ ಕೂಗು ಲಿಯೊಪೋಲ್ದೊ ಎಂಬವರ ಕಿವಿಗೆ ಬಿತ್ತು. ಅವರದೊಂದು ಫಾದೊ ಮನೆ ಇತ್ತು; ಫಾದೊ ಎಂದರೆ ನಮ್ಮ ಕಡೆಯ ದುಃಖದ ಹಾಡು. ಜನ ಅಲ್ಲಿ ಊಟ ಮಾಡುತ್ತ, ದೀಪ ಸಣ್ಣದು ಮಾಡಿದಾಗ ತಟ್ಟೆ ಪಕ್ಕಕ್ಕಿಟ್ಟು ಹಾಡು ಕೇಳುತ್ತಿದ್ದರು. ಕೂಗು ಕೇಳಿದಾಗ ಅವರು ಕ್ಷೌರದಂಗಡಿಯಲ್ಲಿದ್ದರು. ಅರ್ಧ ಬೋಳಿಸಿದ ಮುಖದಲ್ಲೇ ಬೀದಿಗೆ ಬಂದರು.

“ಏಯ್ ಹುಡುಗಿ, ಹಾಡೋಕೆ ಬರುತ್ತಾ ನಿಂಗೆ?”

“ಮೀನು ಬೇಕಾ, ಬೇಡ್ವಾ? ಮೊದ್ಲು ಅದನ್ನ ಹೇಳಿ. ಬಿಸಿಲು ಏರ್ತಾ ಇದೆ.”

ಅವರು ಇಡೀ ಬುಟ್ಟಿಯನ್ನೇ ಕೊಂಡುಕೊಂಡರು. ಕೊಂಡ ಮೇಲೆ ಅವಳು ಅಲ್ಲೇ, ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು ತಾಯಿ ಹೇಳಿಕೊಟ್ಟಿದ್ದ ಒಂದು ಹಾಡು ಹಾಡಿದಳು. ಆಮೇಲೆ ಅವಳು ಮೀನು ಮಾರಲಿಲ್ಲ.

ನಾನು ಅವಳ ಹಾಡನ್ನು ಮೊದಲು ಕೇಳಿದಾಗ ಅವಳಿಗೆ ಮೂವತ್ತು ದಾಟಿತ್ತು. ಕರಿ ಶಾಲಿನ ಎರಡು ತುದಿಗಳನ್ನು ಎದೆಯ ಮೇಲೆ ಬಿಗಿಯಾಗಿ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ಹಾಡುತ್ತಿದ್ದಳು. ಗಂಟಲಲ್ಲಿ ಒಂದು ಒರಟು ಇತ್ತು. ಇಂಪು ಎಂದು ಹೇಳಲು ಬರುವುದಿಲ್ಲ. ಒಂದು ಅಕ್ಷರವನ್ನು ಹಿಡಿದುಕೊಂಡು ಬಿಡದೆ ನಿಂತರೆ ನಮ್ಮ ಉಸಿರೂ ನಿಲ್ಲುತ್ತಿತ್ತು. ಅವಳಿಗೆ ಗಿಟಾರು ನುಡಿಸುತ್ತಿದ್ದ ಮುದುಕ ಎರ್ಮೀನಿಯೊ ಹೇಳುತ್ತಿದ್ದ: “ಇವಳ ಜೊತೆ ನುಡಿಸೋದು ಅಂದ್ರೆ ಮೆಟ್ಟಿಲು ಇಳೀತಿರೋ ಬಸುರಿ ಹಿಂದೆ ನಡೆದ ಹಾಗೆ ಕಣಮ್ಮ. ಎಲ್ಲಿ ನಿಲ್ತಾಳೋ ಗೊತ್ತಾಗಲ್ಲ, ತಳ್ಳೋ ಹಾಗೂ ಇಲ್ಲ.”

ಆ ಹೊತ್ತಿಗೆ ಅವಳ ಹಾಡುಗಳು ರೇಡಿಯೊದಲ್ಲಿ ಬರುತ್ತಿದ್ದವು, ನಾಲ್ಕು ಗ್ರಾಮಫೋನ್ ತಟ್ಟೆಗಳು ಬಂದಿದ್ದವು. ಆದರೂ ಪ್ರತಿ ವರ್ಷ ಸಂತ ಅಂತೋನಿಯ ಹಬ್ಬದ ಭಾನುವಾರ ನಮ್ಮ ಬೀದಿಯ ಸಂಘದ ಹಜಾರದಲ್ಲಿ ಬಿಟ್ಟಿಯಾಗಿ ಹಾಡುವುದನ್ನು ತಪ್ಪಿಸಿರಲಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ “ನಂಗೆ ಮಗ ಇದಾನಲ್ಲ, ಗಂಡ ಯಾಕೆ?” ಎನ್ನುತ್ತಿದ್ದಳು. ಆ ಮಗ ಅದೆಲಿನೊ. ಅವನನ್ನು ಓದಿಸಿದಳು, ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಹಚ್ಚಿದಳು. ಬೇರೆಯವರ ಪುಸ್ತಕಗಳನ್ನು ಜೋಡಿಸುತ್ತ ಜೋಡಿಸುತ್ತ ಅವನು ಓದಲು ಹತ್ತಿದ. ಓದಿದ ಮೇಲೆ ಅಕ್ಕನನ್ನೇ ಹಂಗಿಸಲು ಶುರುಮಾಡಿದ.

ನಮ್ಮ ಮದುವೆಯಾದ ಹೊಸತು. ಭಾನುವಾರ ಮಧ್ಯಾಹ್ನ ಅವಳ ಮನೆಯಲ್ಲಿ ಊಟ.

“ಅಕ್ಕ, ನಿನ್ನ ಹಾಡಲ್ಲಿ ಬಡವ ಅಳ್ತಾನೆ, ಎಲ್ಲಾ ಹಣೆಬರಹ ಅಂತಾನೆ, ಮಲ್ಕೋತಾನೆ. ಈ ಸರ್ಕಾರಕ್ಕೆ ಇನ್ನೇನು ಬೇಕು ಹೇಳು?”

“ಆ ಅಳುನೇ ಕಣೋ ಪುಟ್ಟ, ನಿನ್ನ ಓದ್ಸಿದ್ದು. ಬಾಯಿ ಮುಚ್ಕೊಂಡು ಮೀನು ತಿನ್ನು.”

ಅವನು ನಕ್ಕ. ಅವಳು ಅವನ ತಟ್ಟೆಯ ಮೀನಿನ ಮುಳ್ಳು ಬಿಡಿಸಿಕೊಟ್ಟಳು. ಇಪ್ಪತ್ತೈದು ವರ್ಷದ ಗಂಡಸಿಗೆ.

ಅರವತ್ತೊಂಬತ್ತನೇ ಇಸವಿಯ ನವೆಂಬರಿನಲ್ಲಿ ರಾಜಕೀಯ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಸರ್ಕಾರದ ವಿರುದ್ಧ ಕರಪತ್ರ ಅಚ್ಚು ಮಾಡಿದ್ದ. ಅವನ ಜೊತೆ ಇನ್ನೂ ಮೂವರನ್ನು ಹಿಡಿದರು. ಅವರಲ್ಲೊಬ್ಬ ಲುದ್ಜೆರೊ, ಅವನ ಜೀವದ ಗೆಳೆಯ. ಎರಡು ತಿಂಗಳು ನನಗೆ ಮುಖ ತೋರಿಸಲಿಲ್ಲ. ಕೊನೆಗೆ ಕೋಟೆಯ ಜೈಲಿನಲ್ಲಿ ಗಾಜಿನಾಚೆ ತಂದು ಕೂರಿಸಿದಾಗ ನಾನು ಅವನ ಗುರುತು ಹಿಡಿದೆ, ಅವನು ನನ್ನ ಗುರುತು ಹಿಡಿಯಲಿಲ್ಲ. ಹನ್ನೊಂದು ದಿನ ನಿದ್ದೆ ಮಾಡಲು ಬಿಟ್ಟಿರಲಿಲ್ಲ, ನಿಲ್ಲಿಸಿಯೇ ಇಟ್ಟಿದ್ದರು. ಕಾಲು ಊದಿ ಬೂಟು ಕತ್ತರಿಸಿ ತೆಗೆದಿದ್ದರು. ಅವನು ಗೋಡೆ ನೋಡುತ್ತ “ಅಮ್ಮ, ಬುಟ್ಟಿ ಇಳಿಸು” ಎನ್ನುತ್ತಿದ್ದ.

ನಾನು ಜೈಲಿನಿಂದ ಮನೆಗೆ ಹೋಗಲಿಲ್ಲ. ನೇರ ಫೆಲಿಸ್ಮಿನಾಳ ಹತ್ತಿರ ಹೋದೆ.

ಒಬ್ಬ ಮಂತ್ರಿ ಇದ್ದ. ಅವನ ಹೆಸರು ಈಗ ಯಾರಿಗೂ ಬೇಡ. ಅವನ ಹೆಂಡತಿಗೆ ಅಕ್ಕನ ಹಾಡೆಂದರೆ ಪ್ರಾಣ. ಸಿಂತ್ರಾದ ತೋಟದ ಮನೆಯ ಊಟಕ್ಕೆ ಬಂದು ಹಾಡಬೇಕೆಂದು ಮೂರು ಸಲ ಹೇಳಿಕಳಿಸಿದ್ದಳು. ಮೂರು ಸಲವೂ ಅಕ್ಕ ಗಂಟಲು ನೋವೆಂದು ತಪ್ಪಿಸಿಕೊಂಡಿದ್ದಳು. ತಮ್ಮನಿಗೆ ಇಷ್ಟವಾಗುವುದಿಲ್ಲ ಎಂಬುದೊಂದೇ ಕಾರಣ. ಇದು ನನಗೆ ಗೊತ್ತಿತ್ತು.

ನಾನು ಅವಳ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ.

“ಅಕ್ಕ, ನೀನು ಆ ಊಟಕ್ಕೆ ಹೋಗು.”

“ಏನಂದೆ?”

“ಹೋಗಿ ಹಾಡು. ಹಾಡಿ ಕೇಳ್ಕೋ. ಇಲ್ದಿದ್ರೆ ಅವನು ಸಾಯ್ತಾನೆ. ನಾನು ಈಗ ನೋಡ್ಕೊಂಡು ಬಂದೆ.”

ಒಲೆಯ ಮೇಲಿದ್ದ ಕೋಸಿನ ಸಾರು ಉಕ್ಕಿತು, ಅವಳು ಎದ್ದು ಒಲೆ ಆರಿಸಿದಳು.

“ಅವನಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ, ಒತೀಲಿಯಾ. ಅವರ ಕೈಯಿಂದ ಬಂದ ಬಿಡುಗಡೆ ಅವನಿಗೆ ಬೇಡ.”

“ಗೊತ್ತಾಗಬಾರದು. ನಾನು ಹೇಳಲ್ಲ. ನೀನೂ ಹೇಳಲ್ಲ ಅಂತ ಆಣೆ ಮಾಡು. ಅಮ್ಮನ ಮೇಲೆ.”

ಆಣೆ ಕೇಳಿದವಳು ನಾನು. ಇದನ್ನು ಮರೆಮಾಚುವುದಿಲ್ಲ. ಅವಳು ಒದ್ದೆ ಕೈ ಒರೆಸಿಕೊಂಡು ಆಣೆ ಮಾಡಿದಳು.

ಸಿಂತ್ರಾಕ್ಕೆ ನಾನೂ ಹೋದೆ, ಅವಳ ಬಟ್ಟೆಯ ಪೆಟ್ಟಿಗೆ ಹಿಡಿದುಕೊಂಡು. ಫೆಬ್ರವರಿಯ ಮಧ್ಯಾಹ್ನ, ಕಿಟಕಿಯ ತುಂಬ ಮಂಜು. ಉದ್ದನೆಯ ಮೇಜಿನ ಸುತ್ತ ಇಪ್ಪತ್ತು ಜನ. ಬೇಟೆಯಾಡಿ ತಂದ ಹಕ್ಕಿಗಳ ಊಟ. ಎರ್ಮೀನಿಯೊ ಶ್ರುತಿ ಮಾಡಿಕೊಂಡ. ಅವಳು ನಾಲ್ಕು ಹಾಡು ಹಾಡಿದಳು. ನಾಲ್ಕನೆಯದು ಕಡಲಿಗೆ ಹೋದವನ ಹೆಂಡತಿಯ ಹಾಡು:

ತಟ್ಟೆ ಎರಡಿಟ್ಟೆ, ರೊಟ್ಟಿ ಎರಡು ಮುರಿದೆ,
ಒಂದು ನಾನುಂಡೆ, ಒಂದು ಗಾಳಿ ಉಂಡಿತು.

ಮಂತ್ರಿಯ ಹೆಂಡತಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಬಾಗಿಲ ಹಿಂದೆ ಅತ್ತೆ. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಹಾಡಿರಲಿಲ್ಲ, ಮುಂದೆಯೂ ಹಾಡಲಿಲ್ಲ.

ಮಂತ್ರಿ ಎದ್ದು ಬಂದ. “ಏನು ಕೊಡಲಿ ನಿಮಗೆ, ತಾಯಿ?” ಎಂದ. ಅವಳು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಕೇಳಿದಳು. ಏನು ಕೇಳಿದಳೆಂದು ನನಗೆ ಕೇಳಿಸಲಿಲ್ಲ, ಆದರೆ ಅವಳು ತಲೆ ಬಗ್ಗಿಸಿದ್ದು ಕಂಡಿತು. ಹಾಡುವಾಗ ಯಾರ ಮುಂದೆಯೂ ಬಗ್ಗದ ತಲೆ ಅದು. ಅವನು ನಕ್ಕು, ಅವಳ ಕೈ ಎತ್ತಿ ಮುತ್ತಿಟ್ಟ. ಆಗಲೇ ಯಾರೋ ಫೋಟೊ ತೆಗೆದರು. ಮೂರನೇ ದಿನ ಅದು ಪತ್ರಿಕೆಯಲ್ಲಿ ಬಂತು: ಮಂತ್ರಿಯ ಮೀಸೆ, ಅವಳ ಕೈ, ಅವಳ ನಗು. ಆ ನಗು ಯಾಕೆಂದು ನನಗೆ ಮಾತ್ರ ಗೊತ್ತಿತ್ತು. ಅವನು ಆಗತಾನೆ ಹೂಂ ಎಂದಿದ್ದ.

ಹದಿನೈದು ದಿನಕ್ಕೆ ಅದೆಲಿನೊ ಮನೆಗೆ ಬಂದ. ಉಳಿದ ಮೂವರು ಒಳಗೇ ಉಳಿದರು. ಅವನು ಬಂದ ಸಂಜೆ ಅಕ್ಕ ಕೋಳಿಸಾರು ಮಾಡಿಕೊಂಡು, ಪಾತ್ರೆಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅವನು ಬಾಗಿಲಲ್ಲೇ ನಿಂತ.

“ಫೋಟೊ ಚೆನ್ನಾಗಿ ಬಂದಿದೆ ಅಕ್ಕ. ಜೈಲಲ್ಲಿ ತೋರಿಸಿದ್ರು.”

“ಪುಟ್ಟಾ…”

“ಕೈ ತೊಳ್ಕೊಂಡ್ಯಾ ಆಮೇಲೆ?”

ಅವಳು ನನ್ನನ್ನು ನೋಡಿದಳು. ನಾನು ಪಾತ್ರೆ ಇಸಿದುಕೊಂಡೆ. ಅವನು ಬಾಗಿಲು ಹಾಕಿದ. ಸಾರನ್ನು ನಾವಿಬ್ಬರೂ ಕುಡಿಯಲಿಲ್ಲ, ಮರುದಿನ ಹಳಸಿತು.

ಅವನ ಗೆಳೆಯರು ಅವನ ಹತ್ತಿರ ಬರುತ್ತಿರಲಿಲ್ಲ. ಅವನೊಬ್ಬನನ್ನೇ ಯಾಕೆ ಬಿಟ್ಟರು, ಯಾರ ಹೆಸರು ಹೇಳಿ ಬಂದ ಎಂದು ಗುಸುಗುಸು. ಮುದ್ರಣಾಲಯದಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಎಪ್ಪತ್ತೆರಡರಲ್ಲಿ ಲುದ್ಜೆರೊ ಜೈಲಿನಲ್ಲೇ ಸತ್ತ. ಅವನ ತಾಯಿ ಬೀದಿಯಲ್ಲಿ ಅದೆಲಿನೊ ಎದುರಾದಾಗ ಕೆಳಗೆ ಉಗಿದಳು. ಅವನು ಅದನ್ನು ದಾಟಿಕೊಂಡು ಮನೆಗೆ ಬಂದು, ಊಟಕ್ಕೆ ಕೂತು, ಒಂದು ತುತ್ತೂ ಎತ್ತಲಿಲ್ಲ. ಆಗಲಾದರೂ ನಾನು ಹೇಳಬೇಕಿತ್ತೇನೋ. ಹೇಳಿದರೆ ಅವನು ಇನ್ನೂ ಕುಸಿಯುತ್ತಾನೆ ಎಂದುಕೊಂಡೆ.

ಎಪ್ಪತ್ನಾಲ್ಕರ ಏಪ್ರಿಲಿನಲ್ಲಿ ಸರ್ಕಾರ ಬಿತ್ತು. ಸೈನಿಕರ ಬಂದೂಕಿನ ಬಾಯಿಗೆ ಜನ ಕೆಂಪು ಹೂ ಸಿಕ್ಕಿಸಿದರು. ನಾನೂ ಸಿಕ್ಕಿಸಿದೆ. ಆ ವಾರ ಇಡೀ ಊರೇ ನಕ್ಕಿತು. ಅದಾದ ಮೇಲೆ ಯಾರು ಯಾರ ಜೊತೆ ಉಂಡಿದ್ದರು ಎಂದು ನೋಡುವ ಕೆಲಸ ಶುರುವಾಯಿತು. ಫಾದೊ ಎಂದರೆ ಹಳೇ ಸರ್ಕಾರದ ಜೋಗುಳ ಎಂದರು. ರೇಡಿಯೊದಲ್ಲಿ ಅವಳ ಹಾಡು ನಿಂತಿತು. ಲಿಯೊಪೋಲ್ದೊ ಅವರ ಬಾಗಿಲಿಗೆ ಯಾರೋ ಆ ಹಳೇ ಫೋಟೊವನ್ನು ದೊಡ್ಡದು ಮಾಡಿಸಿ ಅಂಟಿಸಿದ್ದರು, ಅವಳ ಮುಖದ ಮೇಲೆ ಸುಣ್ಣ ಬಳಿದು.

ಜೂನಿನ ಒಂದು ಭಾನುವಾರ ಮಧ್ಯಾಹ್ನ ಸಂಘದ ಸಭೆ ಕರೆದರು. ಹಳೇ ಆಳುವವರಿಗೆ ಹಾಡಿದವರು ಇನ್ನು ಸಂಘದ ಹಜಾರದಲ್ಲಿ ಹಾಡಕೂಡದು ಎಂಬ ಠರಾವು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಆ ಹಜಾರದಲ್ಲಿ ಹಾಡುತ್ತಿದ್ದವಳು ಒಬ್ಬಳೇ. ಅವಳು ಹಿಂದೆ, ಬಾಗಿಲ ಹತ್ತಿರ ನಿಂತಿದ್ದಳು.

“ಪರವಾಗಿರೋರು ಕೈ ಎತ್ತಿ.”

ಮೊದಲು ಎದ್ದ ಕೈ ನನ್ನ ಗಂಡನದು. ಎಲ್ಲರೂ ಅವನನ್ನು ನೋಡಿದರು, ಆಮೇಲೆ ಒಂದೊಂದೇ ಕೈ ಎದ್ದಿತು. ಯಾರೋ ಅವನ ಬೆನ್ನು ತಟ್ಟಿದರು. ನಾಲ್ಕು ವರ್ಷದಿಂದ ಯಾರೂ ತಟ್ಟಿರದ ಬೆನ್ನು.

ನಾನು ತಿರುಗಿ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳುತ್ತೇನೇನೋ ಎಂದು ಕಾಯುತ್ತಿರುವವಳ ಹಾಗಿರಲಿಲ್ಲ. ಹೇಳಬೇಡ ಎನ್ನುವ ಹಾಗಿತ್ತು. ನಾನು ಹಾಗೆ ಓದಿಕೊಂಡೆ. ಹಾಗೆ ಓದಿಕೊಳ್ಳುವುದು ನನಗೆ ಸುಲಭವಾಗಿತ್ತು. ನನ್ನ ಕೈ ಮಡಿಲಲ್ಲೇ ಇತ್ತು, ಬಾಯಿ ಮುಚ್ಚಿತ್ತು.

ಅದಾದ ಮೇಲೆ ಅವಳ ಹಾಡಿನ ಕಥೆ ಹೆಚ್ಚಿಲ್ಲ. ಲಿಯೊಪೋಲ್ದೊ ಬಾಗಿಲು ಮುಚ್ಚಿ ಬ್ರೆಜಿಲಿಗೆ ಹೋದರು. ಎರ್ಮೀನಿಯೊ ಮರುವರ್ಷ ತೀರಿಕೊಂಡ. ಬೇಸಿಗೆಯಲ್ಲಿ ಅವಳು ದಕ್ಷಿಣದ ಕಡಲತೀರಕ್ಕೆ ಹೋಗಿ, ಬಿಸಿಲಿಗೆ ಬೆಂದು ಕೆಂಪಾದ ಪ್ರವಾಸಿಗಳು ಸೀಗಡಿ ಸುಲಿಯುತ್ತ ಕೂತಿರುವ ಹೋಟೆಲುಗಳಲ್ಲಿ ಹಾಡಿದಳು. ದೀಪ ಸಣ್ಣದು ಮಾಡಿ ಎಂದು ಕೇಳಿದರೆ, ಗಿರಾಕಿಗಳಿಗೆ ತಟ್ಟೆ ಕಾಣಿಸುವುದಿಲ್ಲ ಎಂದರಂತೆ. ಎರಡು ಬೇಸಿಗೆ ಹಾಡಿ ಬಿಟ್ಟುಬಿಟ್ಟಳು. ಆಮೇಲೆ ಒಂದು ಲಾಂಡ್ರಿಯಲ್ಲಿ ಹೋಟೆಲಿನ ಹೊದಿಕೆಗಳಿಗೆ ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿದಳು. ಹದಿನೆಂಟು ವರ್ಷ ಅದೇ ಹಬೆಯಲ್ಲಿ ನಿಂತಳು. ಗಂಟಲು ಹೋಯಿತು.

ನಾನು ಆಗೀಗ ಗಂಡನಿಗೆ ಹೇಳದೆ ಅವಳ ಕೋಣೆಗೆ ಹೋಗುತ್ತಿದ್ದೆ. ಒಣಮೀನು, ಆಲೂಗಡ್ಡೆ ಕಲಸಿ ಕರಿದ ಬೋಂಡ ಒಯ್ಯುತ್ತಿದ್ದೆ. ಅವಳು ನನ್ನೆದುರೇ ಒಂದು ತಿನ್ನುತ್ತಿದ್ದಳು.

“ಉಪ್ಪು ಕಮ್ಮಿ ಕಣೇ.”

“ಅವನಿಗೆ ರಕ್ತದೊತ್ತಡ. ಕಮ್ಮಿ ಹಾಕ್ತೀನಿ.”

“ಓ. ಮತ್ತೆ ನಿದ್ದೆ? ಬರುತ್ತಾ ಅವನಿಗೆ?”

ಪ್ರತಿ ಸಲ ಕೇಳುತ್ತಿದ್ದಳು. ಒಮ್ಮೆ ನಾನು, “ಅಕ್ಕ, ಅವನ ಮೇಲೆ ನಿಂಗೆ ಕೋಪ ಬರಲ್ವಾ?” ಎಂದೆ.

“ಅವನಿಗೇನು ಗೊತ್ತು ಪಾಪ,” ಎಂದಳು. “ಗೊತ್ತಿಲ್ದೆ ಬೈತಾನೆ. ಗೊತ್ತಿದ್ರೆ ಹೀಗೆ ಮಾಡ್ತಿದ್ನಾ ನನ್ನ ಪುಟ್ಟ?”

ಅದೆಲಿನೊ ಅಷ್ಟರಲ್ಲಿ ಸಂಘದ ಅಧ್ಯಕ್ಷನಾಗಿದ್ದ. ಜೈಲಿಗೆ ಹೋಗಿಬಂದವನು, ಸ್ವಂತ ಅಕ್ಕನೆಂದೂ ನೋಡದೆ ನ್ಯಾಯ ಹೇಳಿದವನು ಎಂದು ಬೀದಿಯಲ್ಲಿ ಗೌರವ.

ತೊಂಬತ್ತೊಂಬತ್ತರ ಹೊತ್ತಿಗೆ ಗಾಳಿ ತಿರುಗಿತು. ಫಾದೊ ಮತ್ತೆ ಎಲ್ಲರಿಗೂ ಬೇಕಾಯಿತು. ಇಪ್ಪತ್ತನಾಲ್ಕು ವರ್ಷದ ಒಬ್ಬ ಗಾಯಕಿ ಆ ಎರಡು ತಟ್ಟೆಯ ಹಾಡನ್ನು ಹಾಡಿ ಹೆಸರು ಮಾಡಿದಳು. ಇದನ್ನು ಫೆಲಿಸ್ಮಿನಾ ಎಂಬವರ ಹಳೇ ಗ್ರಾಮಫೋನ್ ತಟ್ಟೆಯಿಂದ ಕಲಿತೆ, ಅವರು ಬದುಕಿದ್ದಾರೆಯೇ ಎಂದು ಟಿವಿಯಲ್ಲಿ ಕೇಳಿದಳು. ಬೀದಿಯ ಹುಡುಗರು ಸಂಘಕ್ಕೆ ಬಂದರು: ಅವರಿಗೆ ಸನ್ಮಾನ ಮಾಡಬೇಕು, ಗೋಡೆಗೆ ಕಲ್ಲು ಹಾಕಿಸಬೇಕು.

ಅದೆಲಿನೊ ಸಭೆಯಲ್ಲಿ ಎದ್ದು ನಿಂತ. “ನಿಮಗೆ ಆ ಫೋಟೊ ಗೊತ್ತಿಲ್ಲ. ನಮಗೆ ಗೊತ್ತು. ಲುದ್ಜೆರೊ ಒಳಗೆ ಸಾಯ್ತಿದ್ದಾಗ ಅವಳು ಅಲ್ಲಿ ಕೈ ಚಾಚ್ತಿದ್ಲು. ನನ್ನ ಅಕ್ಕ ಅಂತ ನಾನು ಇದನ್ನ ಮರೆಯೋಕಾಗಲ್ಲ.”

ಮರೆಯಲಾಗದು ಎಂದು ಹೇಳುವಾಗ ಅವನ ದನಿಯಲ್ಲಿ ಒಂದು ತೃಪ್ತಿ ಇತ್ತು. ಅದು ನನ್ನ ಕಿವಿಗೆ ಬಿತ್ತು. ಮೂವತ್ತು ವರ್ಷ ಸುಮ್ಮನಿದ್ದವಳು ಹೇಗೆ ಎದ್ದು ನಿಂತೆನೋ ತಿಳಿಯದು.

“ಅವಳು ಹೋಗಿದ್ದು ನಿನ್ನ ಬಿಡಿಸ್ಕೊಂಡು ಬರೋಕೆ,” ಎಂದೆ. “ಕಳಿಸಿದ್ದು ನಾನು. ಕಾಲು ಹಿಡಿದು ಕಳಿಸಿದೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದೂ ನಾನೇ.”

ಯಾರೋ ಒಬ್ಬಳು ಮುದುಕಿ ಶಿಲುಬೆ ಗುರುತು ಹಾಕಿಕೊಂಡಳು. ಅದೆಲಿನೊ ಕಾಗದಗಳನ್ನು ಜೋಡಿಸಿಕೊಂಡು, “ಸಭೆ ಮುಂದಕ್ಕೆ ಹಾಕಿದೆ,” ಎಂದ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತ. ಕಿತ್ತಳೆ ಸುಲಿಯತೊಡಗಿದ. ನಾನು ಅವನು ಅಳುತ್ತಾನೆ ಎಂದುಕೊಂಡೆ, ಹೊಡೆಯುತ್ತಾನೆ ಎಂದೂ ಅಂದುಕೊಂಡೆ.

“ನಂಗೆ ಗೊತ್ತಿತ್ತು,” ಎಂದ.

“ಏನು ಗೊತ್ತಿತ್ತು?”

“ಬಿಟ್ಟ ದಿನವೇ ಗೊತ್ತಿತ್ತು. ಜೈಲಿನ ಬಾಗಿಲಲ್ಲಿ ಒಬ್ಬ ಅಧಿಕಾರಿ ಹೇಳ್ದ. ನಿನ್ನ ಅಕ್ಕನ ಗಂಟಲಿಗೆ ಕೈ ಮುಗಿ ಅಂತ. ಎಲ್ಲಾ ಕಾವಲಿನೋರೂ ನಕ್ರು.”

“ಗೊತ್ತಿದ್ದೂ ಕೈ ಎತ್ತಿದ್ಯಾ?”

“ಏನು ಮಾಡ್ಬೇಕಿತ್ತು? ಲುದ್ಜೆರೊ ಒಳಗೆ ಸತ್ತ, ನಾನು ಒಂದು ಹಾಡಿಗೆ ಆಚೆ ಬಂದೆ ಅಂತ ಹೇಳ್ಬೇಕಿತ್ತಾ? ಅವನ ತಾಯಿಗೆ? ಜನ ನನ್ನನ್ನ ಏನು ಮಾಡ್ತಿದ್ರು?” ಅವನು ಸಿಪ್ಪೆಯನ್ನು ಒಂದೇ ಎಳೆಯಾಗಿ ಬಿಡಿಸುತ್ತಿದ್ದ. “ಅವಳು ಹೋಗದೆ ಇದ್ದಿದ್ರೆ ನಾನೂ ಅಲ್ಲೇ ಸಾಯ್ತಿದ್ದೆ. ಮರ್ಯಾದೆಯಿಂದ ಸಾಯ್ತಿದ್ದೆ. ಅದನ್ನೂ ಬಿಡಲಿಲ್ಲ ಅವಳು.”

ನಾನು ಮರುದಿನ ಬೆಳಗ್ಗೆ ಫೆಲಿಸ್ಮಿನಾಳ ಹತ್ತಿರ ಓಡಿದೆ. ಆಣೆ ಮುರಿದ ತಪ್ಪಿಗೆ ಕ್ಷಮೆ ಕೇಳಲು ಹೋದವಳು, ಎಲ್ಲವನ್ನೂ ಹೇಳಿಬಿಟ್ಟೆ. ಅವನು ಅಂದದ್ದನ್ನೂ ಹೇಳಿದೆ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಕಾಲುಚೀಲ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿಗೆ ಹಾಕಿ ನಿಲ್ಲಿಸಿದಳು.

“ಬಿಟ್ಟ ದಿನವೇ?”

“ಹೂಂ ಅಕ್ಕ.”

“ಕೋಳಿಸಾರು ತಂದಾಗ?”

ಇನ್ನೊಂದು ಕಾಲುಚೀಲ ಅವಳ ಕೈಯಲ್ಲೇ ಇತ್ತು.

“ಇದನ್ನ ನಂಗೆ ಯಾಕೆ ಹೇಳ್ದೆ ನೀನು?” ಅವಳ ದನಿ ಏರಲಿಲ್ಲ, ಏರಲು ಅಲ್ಲಿ ಏನೂ ಉಳಿದಿರಲಿಲ್ಲ. “ಹದಿನೆಂಟು ವರ್ಷ ಗೊತ್ತಿಲ್ಲ ಅವನಿಗೆ, ಗೊತ್ತಿಲ್ಲ ಅಂದ್ಕೊಂಡು ಇಸ್ತ್ರಿ ಹಾಕ್ದೆ. ಹೇಳ್ಬೇಕಾದಾಗ ಬಾಯಿ ಹೊಲ್ಕೊಂಡಿದ್ದೆ. ಈಗ ಹೇಳ್ತೀಯಾ?”

“ಅಕ್ಕ…”

“ಹೋಗು ಒತೀಲಿಯಾ. ಬೋಂಡಾನೂ ತರಬೇಡ ಇನ್ಮೇಲೆ.”

ಸನ್ಮಾನವಾಯಿತು. ಅದನ್ನು ತಡೆಯುವ ಧೈರ್ಯ ಈಗ ಯಾರಿಗೂ ಇರಲಿಲ್ಲ, ಅದೆಲಿನೊಗಂತೂ ಇಲ್ಲವೇ ಇಲ್ಲ. ಬೀದಿಯವರು ಕಥೆಯನ್ನು ತಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದರು: ತಮ್ಮನಿಗಾಗಿ ಹಾಡಿದ ಅಕ್ಕ, ಏನೂ ತಿಳಿಯದ ತಮ್ಮ. ಅವನು ತಿಳಿಯದವನ ಮುಖ ಹೊತ್ತುಕೊಂಡ. ನಾನು ಅದನ್ನೂ ತಿದ್ದಲಿಲ್ಲ. ಅವಳು ಬೂದು ಬಣ್ಣದ ಕೋಟು ಹಾಕಿಕೊಂಡು ಬಂದಳು, ಶಾಲು ಹೊದೆದಿರಲಿಲ್ಲ. ಅವನು ವೇದಿಕೆಯ ಮೇಲೆ ಹೂಗುಚ್ಛ ಹಿಡಿದು, ಕಣ್ಣು ತುಂಬಿಕೊಂಡು, ತೋಳು ಚಾಚಿ ಅವಳ ಕಡೆಗೆ ನಡೆದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಅವಳು ಹೂಗುಚ್ಛ ತೆಗೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ನಿಮಗೆ ತುಂಬಾ ತೊಂದರೆ ಕೊಟ್ಟೆ, ಅಧ್ಯಕ್ಷರೇ,” ಎಂದಳು.

ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ವಿನಯದ ಮಾತೆಂದು ಎಲ್ಲರೂ ಇನ್ನಷ್ಟು ಚಪ್ಪಾಳೆ ಹೊಡೆದರು. ಆರನೇ ವಯಸ್ಸಿನಿಂದ ಸಾಕಿದ ಹುಡುಗನನ್ನು ಅವಳು ನೀವು ಎಂದದ್ದು ಅದೇ ಮೊದಲು. ಅವನ ತೋಳು ಹಾಗೆಯೇ ಗಾಳಿಯಲ್ಲಿ ಉಳಿದು, ನಿಧಾನವಾಗಿ ಇಳಿಯಿತು. ಹಾಡಿ ಎಂದು ಎಲ್ಲರೂ ಕೂಗಿದರು. ಅವಳು ಗಂಟಲು ಮುಟ್ಟಿ ತೋರಿಸಿ, ತಲೆಯಾಡಿಸಿ ಕೆಳಗಿಳಿದಳು.

ಆಮೇಲೆ ಎರಡು ವರ್ಷ ಬದುಕಿದ್ದಳು. ಕಾಯಿಲೆ ಬಿದ್ದಾಗ ನಮಗೆ ತಿಳಿಸಲಿಲ್ಲ. ಅವಳ ಜೊತೆ ಲಾಂಡ್ರಿಯಲ್ಲಿದ್ದ ಒಬ್ಬ ಹೆಂಗಸು ಕೊನೆಯ ವಾರ ನನ್ನನ್ನು ಹುಡುಕಿಕೊಂಡು ಬಂದು ಹೇಳಿದಳು: “ಮಣ್ಣಿಗೆ ಹಾಕುವಾಗ ಯಾರೂ ಹಾಡ್ಬಾರ್ದು ಅಂದಿದಾರೆ. ನಿಮಗೆ ಹೇಳು ಅಂದ್ರು.” ಮತ್ತೇನಾದರೂ ಹೇಳಿದಳೇ ಎಂದು ಕೇಳಿದೆ. ಇಲ್ಲ ಎಂದಳು.

ಅದೆಲಿನೊ ಇಬ್ಬರು ಗಿಟಾರಿನವರನ್ನು ಕರೆಸಿದ. ಆ ಪ್ರಸಿದ್ಧ ಹುಡುಗಿಯೂ ಬಂದು ಗುಂಡಿಯ ಅಂಚಿನಲ್ಲಿ ನಿಂತು ಹಾಡಿದಳು. ಚೆನ್ನಾಗಿಯೇ ಹಾಡಿದಳು. ಪೆಟ್ಟಿಗೆ ಇಳಿಸುವಾಗ ಜನ ನಮ್ಮಲ್ಲಿಯ ರೂಢಿಯಂತೆ ಕೈ ತಟ್ಟಿದರು. ನಾನು ತಟ್ಟಲಿಲ್ಲ. ಆದರೆ ಹಾಡಬೇಡಿ ಎಂದಿದ್ದಾಳೆ ಎಂದು ಯಾರಿಗೂ ಹೇಳಲೂ ಇಲ್ಲ.

ವಾಪಸು ಬರುವಾಗ ಟ್ರಾಮಿನಲ್ಲಿ ಅವನು ಕಿಟಕಿಯ ಪಕ್ಕ ಕೂತ. ಹೊಸ ಕರಿ ಟೈಯನ್ನು ಸಡಿಲಿಸಿಕೊಂಡ.

“ಮುನ್ನೂರು ಜನ ಬಂದಿದ್ರು ಅಲ್ವಾ?” ಎಂದ.

“ನಾನು ನೋಡ್ಲಿಲ್ಲ,” ಎಂದೆ.